ದೊಡ್ಡರೋಗದ ಅಂತ್ಯವೂ ಲಸಿಕೆಯ ಬಲವೂ

ರಾಯಚೂರು ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನವು ಅಶೋಕನ ಹೆಸರನ್ನೇ ಹೇಳುವುದರಿಂದ ವಿಖ್ಯಾತವಾಗಿದೆ. ಅದೇ ಚಕ್ರವರ್ತಿಯು ಎರ್ರಗುಡಿ ಮೊದಲಾದೆಡೆಗಳಲ್ಲಿ ಬರೆಯಿಸಿದ ಎರಡನೆಯ ಬಂಡೆಶಾಸನದಲ್ಲಿ, ಮನುಷ್ಯಚಿಕಿತ್ಸೆ, ಪಶುಚಿಕಿತ್ಸೆ ಎಂಬ ಎರಡನ್ನೂ ಏರ್ಪಡಿಸಿದ ಸಂಗತಿಯು ಉಕ್ತವಾಗಿದೆ. ಗೋರಕ್ಷಣೆಯು ರಾಜಧರ್ಮದ ಅಂಗವೆಂಬ ಭಾವನೆಯು ಈ ನಾಡಿಗೆ ಹೊಸದಲ್ಲ. ಆದರೂ ಒಂದು ವ್ಯಾಧಿಯ ಮುಂದೆ ರಾಜರ ಏರ್ಪಾಡೂ ವೈದ್ಯರ ಮೂಲಿಕೆಯೂ ಬಹುಕಾಲ ನಿಷ್ಫಲವಾಗಿದ್ದುವು. ಅದುವೇ ದನಗಳ ದೊಡ್ಡರೋಗ.

ಜ್ವರ, ಬಾಯಿಹುಣ್ಣು, ಕಣ್ಣು ಮೂಗುಗಳಿಂದ ಸ್ರಾವ, ಬಳಿಕ ನಿಲ್ಲದ ಭೇದಿ, ಇವು ಅದರ ಲಕ್ಷಣಗಳು. ಹಿಂದೆ ಆ ರೋಗವನ್ನು ಕಾಣದ ಮಂದೆಯಲ್ಲಿ ಹತ್ತಕ್ಕೆ ಎಂಟೊಂಬತ್ತು ರಾಸುಗಳು ಅಳಿಯುವುದೂ ಉಂಟು. ಸಿಂಧನೂರು ತಾಲ್ಲೂಕಿನ ಮುಕ್ಕುಂದದಂತಹ ತುಂಗಭದ್ರಾತೀರದ ಊರುಗಳಲ್ಲಿ, ಎರೆನೆಲವನ್ನು ಉಳಲು ಎತ್ತಲ್ಲದೆ ಅನ್ಯಸಾಧನವಿಲ್ಲದಿದ್ದ ಕಾಲದಲ್ಲಿ, ಜೋಡೆತ್ತು ಸತ್ತ ಮನೆಗೆ ಆ ವರ್ಷ ಬಿತ್ತನೆಯೇ ಇಲ್ಲ. ಇಂತಹ ವಿಪತ್ತನ್ನು ಜನರು ಮಾರಿಯೆಂದು ಬಗೆದು ಗ್ರಾಮದೇವತೆಗೆ ಹರಕೆ ಹೊರುತ್ತಿದ್ದುದರಲ್ಲಿ ಆಶ್ಚರ್ಯವೇನು?

1889ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸರ್ಕಾರಿ ಪ್ರಯೋಗಶಾಲೆಯು 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಅಲ್ಲಿ ಮೊದಲು ಸಿದ್ಧವಾದುದು ರೋಗದಿಂದ ಗುಣಹೊಂದಿದ ಪಶುವಿನ ರಕ್ತದಿಂದ ತೆಗೆದ ಸೀರಂ. ಮೈಸೂರು ಸಂಸ್ಥಾನವೂ 1925ರ ಸುಮಾರಿಗೆ ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ತೆರೆಯಿತು. ಆದರೆ ಸೀರಂ ಎರವಲಿನ ಬಲ. ಕೆಲವೇ ದಿನಗಳಲ್ಲಿ ಕುಂದುವುದು. 1920ರ ದಶಕದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿಯು ಮುಕ್ತೇಶ್ವರದಲ್ಲಿ ರೋಗದ ವೈರಾಣುವನ್ನು ಆಡುಗಳಲ್ಲಿ ಮೇಲಿಂದ ಮೇಲೆ ಸಾಗಿಸಿ ಅದರ ಉಗ್ರತೆಯನ್ನು ತಗ್ಗಿಸಿದನು. ಪಶುವಿನ ದೇಹವೇ ತನ್ನ ರಕ್ಷಣೆಯನ್ನು ತಾನು ಗಳಿಸುವ ಲಸಿಕೆಯು ಹೀಗೆ ಕೈಗೂಡಿತು. 1960ರ ಸುಮಾರಿಗೆ ಕೀನ್ಯಾದಲ್ಲಿ ಪ್ಲೋರೈಟನು ಜೀವಕೋಶಗಳಲ್ಲಿ ಬೆಳೆಸಿ ಸಿದ್ಧಗೊಳಿಸಿದ ಲಸಿಕೆಯು ಅದಕ್ಕಿಂತ ಸೌಮ್ಯ. ಒಮ್ಮೆ ಹಾಕಿದರೆ ಜೀವಮಾನವಿಡೀ ರಕ್ಷೆ.

ಇಷ್ಟು ಬಲವಾದ ಲಸಿಕೆಯಿದ್ದರೂ ರೋಗವು ಕೂಡಲೇ ತೊಲಗಲಿಲ್ಲವೆಂಬುದು ವಿಚಾರಾರ್ಹ. ಭಾರತದಲ್ಲಿ ನಿರ್ಮೂಲನದ ಯೋಜನೆಯು 1954ರಲ್ಲಿ ಮೊದಲಾಯಿತು. ಕಡೆಯ ರೋಗವು ಕಂಡುದು 1995ರಲ್ಲಿ. ಪ್ರತಿವರ್ಷ ಹುಟ್ಟುವ ಕರುಗಳಿಗೆ ರಕ್ಷೆಯಿರಲಿಲ್ಲ. ಸಂತೆಯಿಂದ ಸಂತೆಗೆ ಸಾಗುವ ದನಗಳೊಡನೆ ರೋಗವೂ ಸಾಗುತ್ತಿತ್ತು. ಊರೂರು ಹುಡುಕಿ, ಉಳಿದ ಮೂಲೆಗಳನ್ನು ಮುಚ್ಚಿದ ಬಳಿಕವೇ ಜಯವು ಲಭಿಸಿತು. ಕಡೆಗೆ ಲಸಿಕೆಯನ್ನೇ ನಿಲ್ಲಿಸಿ, ರಕ್ಷೆಯಿಲ್ಲದ ಕರುಗಳಲ್ಲಿಯೂ ರೋಗವಿಲ್ಲವೆಂದು ತೋರಿಸಬೇಕಾಯಿತು. 2006ರಲ್ಲಿ ಭಾರತವೂ 2011ರಲ್ಲಿ ಸಮಸ್ತ ಲೋಕವೂ ದೊಡ್ಡರೋಗದಿಂದ ಮುಕ್ತವೆಂದು ಘೋಷಿಸಲ್ಪಟ್ಟುವು.

ಹಾಗಾದರೆ ಕಾಲುಬಾಯಿ ಜ್ವರವು ಇನ್ನೂ ಏಕೆ ಉಳಿದಿದೆ? ದೊಡ್ಡರೋಗದ ವೈರಾಣುವಿಗೆ ಲಸಿಕೆಯ ಮಟ್ಟಿಗೆ ಒಂದೇ ಬಗೆ; ಗುಣಹೊಂದಿದ ಪಶುವು ಅದನ್ನು ಹೊತ್ತು ತಿರುಗುತ್ತಿರಲಿಲ್ಲ. ಕಾಲುಬಾಯಿ ಜ್ವರದ ವೈರಾಣುವಿಗೆ ಲೋಕದಲ್ಲಿ ಏಳು ಬಗೆಗಳು; ಭಾರತದ ಲಸಿಕೆಯಲ್ಲಿ ‘ಓ’, ‘ಎ’, ‘ಏಷ್ಯಾ-1’ ಎಂಬ ಮೂರನ್ನು ಸೇರಿಸುವರು. ಒಂದರ ರಕ್ಷೆಯು ಮತ್ತೊಂದಕ್ಕೆ ಸಲ್ಲದು. ವಾಸಿಯಾದ ದನದ ಗಂಟಲಿನಲ್ಲಿ ವೈರಾಣುವು ತಿಂಗಳುಗಟ್ಟಲೆ ಅಡಗಿರಬಲ್ಲುದು. ಲಸಿಕೆಯ ಬಲವೂ ಸುಮಾರು ಆರು ತಿಂಗಳಿನದು. ಅದೂ ಶೀತಲದಲ್ಲಿ ಕಾಪಾಡಿದರೆ ಮಾತ್ರ. ರಾಯಚೂರಿನ ಬೇಸಿಗೆಯಲ್ಲಿ ಈ ಎಚ್ಚರವು ತಪ್ಪಿದರೆ ಶೀಷೆಯಲ್ಲಿರುವುದು ಬರಿಯ ನೀರಿಗೆ ಸಮಾನ. 2013ರಲ್ಲಿ ಕರ್ನಾಟಕದಲ್ಲಿ ಈ ಜ್ವರದಿಂದ ಸಾವಿರಾರು ರಾಸುಗಳು ಮಡಿದುವು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಲ್ಲಿ ವರ್ಷಕ್ಕೆರಡು ಬಾರಿ ಲಸಿಕೆ ಹಾಕುವ ಏರ್ಪಾಡಿದೆ.

ಹಾಲು ಎರಡು ದಿನ ಕಡಮೆಯಾದೀತೆಂದು ಹಟ್ಟಿಯ ಬಾಗಿಲು ಮುಚ್ಚುವವರೂ, ಒಮ್ಮೆ ಹಾಕಿಸಿದರೂ ಜ್ವರ ಬಂದಿತೆಂದು ಎರಡನೆಯ ಸರದಿಯನ್ನು ಬಿಡುವವರೂ ಊರೂರಿನಲ್ಲಿರುವರು. ಅಂತಹವರ ಹಟ್ಟಿಯಿಂದಲೇ ರೋಗವು ನೆರೆಯ ಹಟ್ಟಿಗೆ ದಾರಿ ಮಾಡಿಕೊಳ್ಳುವುದು. ಜೀವಮಾನವಿಡೀ ಕಾಯುವ ಲಸಿಕೆಗೇ ನಲವತ್ತು ವರ್ಷಗಳು ಬೇಕಾದುವೆಂದ ಮೇಲೆ, ಆರು ತಿಂಗಳು ಕಾಯುವ ಲಸಿಕೆಯ ವಿಷಯದಲ್ಲಿ ಒಂದು ಸರದಿಯನ್ನಾದರೂ ತಪ್ಪಿಸುವುದು ಯಾವ ಗೃಹಸ್ಥನಿಗೂ ತಕ್ಕುದಲ್ಲ.