ಬೇಯಿಸಿದ ಮೊಟ್ಟೆ ಸಿಪ್ಪೆಗೆ ಅಂಟುವುದೇಕೆ? ಸೋಡಾ, ವಿನೆಗರ್ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿದರೆ ಮೊಟ್ಟೆಯ ಸಿಪ್ಪೆ ತಾನಾಗಿಯೇ ಕಳಚುತ್ತದೆ ಎಂಬ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಒಬ್ಬರು ವಿನೆಗರ್ ಹಾಕಿ ಎಂದರೆ ಇನ್ನೊಬ್ಬರು ಉಪ್ಪು ಹಾಕಿ ಎನ್ನುತ್ತಾರೆ. ಇವುಗಳಲ್ಲಿ ನಿಜ ಎಷ್ಟಿದೆ ಎಂದು ನೋಡೋಣ.

ಇದೇನು ದೊಡ್ಡ ವಿಷಯ ಎನಿಸಬಹುದು. ಆದರೆ ಶಾಲೆಯ ಬಿಸಿಯೂಟವನ್ನು ನೆನೆಯಿರಿ. ರಾಜ್ಯದಲ್ಲಿ 2021ರ ಡಿಸೆಂಬರ್‌ನಲ್ಲಿ ಕೆಲವು ಜಿಲ್ಲೆಗಳಲ್ಲಿ ಶುರುವಾದ ಮೊಟ್ಟೆ ವಿತರಣೆ ನಂತರ ಎಲ್ಲ ಜಿಲ್ಲೆಗಳಿಗೂ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು. ಕೊಳ್ಳೇಗಾಲ ತಾಲ್ಲೂಕಿನ ಧನಗೆರೆಯಂತಹ ಊರಿನ ಶಾಲೆಯಲ್ಲಿ 100 ಮೊಟ್ಟೆ ಸುಲಿಯಬೇಕು ಎಂದುಕೊಳ್ಳಿ. ಒಂದಕ್ಕೆ ಒಂದು ನಿಮಿಷ ಹಿಡಿದರೆ 1 ಗಂಟೆ 40 ನಿಮಿಷ ಬೇಕು. 20 ಸೆಕೆಂಡಿನಲ್ಲಿ ಮುಗಿದರೆ ಸುಮಾರು 33 ನಿಮಿಷ ಸಾಕು. ಬಿಳಿಭಾಗ ಸಿಪ್ಪೆಯ ಜೊತೆ ಕಿತ್ತುಬಂದರೆ ಅಡುಗೆಯವರ ಕೈ ನೋಯುವುದಷ್ಟೇ ಅಲ್ಲ, ಮಗುವಿನ ತಟ್ಟೆಗೆ ಬೀಳಬೇಕಾದ ಪ್ರೋಟೀನ್ ಕಸದ ಬುಟ್ಟಿಗೆ ಹೋಗುತ್ತದೆ.

ಅಂಟುವುದೇಕೆ?

ಸಿಪ್ಪೆಯ ಒಳಗೆ ತೆಳುವಾದ ಪೊರೆ ಇರುತ್ತದೆ. ಬಿಳಿಭಾಗ ಅಂಟುವುದು ಈ ಪೊರೆಗೆ. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ.

ಮೊದಲನೆಯದು ಮೊಟ್ಟೆಯ ವಯಸ್ಸು. ಆಗತಾನೇ ಇಟ್ಟ ಮೊಟ್ಟೆಯ ಬಿಳಿಭಾಗದಲ್ಲಿ ಕಾರ್ಬನ್ ಡೈ ಆಕ್ಸೈಡ್ ಹೆಚ್ಚಿರುತ್ತದೆ. ಸಿಪ್ಪೆಯಲ್ಲಿರುವ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಅದು ದಿನ ಕಳೆದಂತೆ ಹೊರಹೋಗುತ್ತದೆ. ಆಗ ಬಿಳಿಭಾಗದ ಕ್ಷಾರತೆ ಹೆಚ್ಚಿ (ಪಿಎಚ್ ಸುಮಾರು 8ರಿಂದ 9ರ ಮೇಲಕ್ಕೆ ಏರಿ) ಪೊರೆಯ ಜೊತೆಗಿನ ಹಿಡಿತ ಸಡಿಲವಾಗುತ್ತದೆ. ಹಿತ್ತಲಿನ ನಾಟಿ ಕೋಳಿಯ ಅಂದಿನ ಮೊಟ್ಟೆ ಸುಲಿಯಲು ಸತಾಯಿಸುವುದು ಇದಕ್ಕೇ.

ಎರಡನೆಯದು ಬೇಯಿಸುವ ರೀತಿ. ತಣ್ಣೀರಿನಲ್ಲಿಟ್ಟು ನಿಧಾನವಾಗಿ ಕಾಯಿಸಿದರೆ ಬಿಳಿಭಾಗಕ್ಕೆ ಪೊರೆಯನ್ನು ಹಿಡಿದುಕೊಳ್ಳಲು ಸಮಯ ಸಿಗುತ್ತದೆ. ಕುದಿಯುವ ನೀರಿಗೆ ಹಾಕಿದರೆ ಹೊರಪದರ ತಟ್ಟನೆ ಗಟ್ಟಿಯಾಗಿ ಪೊರೆಯಿಂದ ಬೇರೆಯಾಗುತ್ತದೆ. ಅಮೆರಿಕದ ಅಡುಗೆ ಬರಹಗಾರ ಜೆ. ಕೆಂಜಿ ಲೋಪೆಜ್-ಆಲ್ಟ್ ನೂರಾರು ಮೊಟ್ಟೆ ಬೇಯಿಸಿ, ಬೇರೆಯವರಿಂದ ಸುಲಿಸಿ ನೋಡಿದಾಗಲೂ ಬಿಸಿಯಿಂದ ಶುರುಮಾಡುವ ವಿಧಾನವೇ ಮುಂದಿತ್ತು.

ಹೀಗೆ ಮಾಡಿ

1. ಫ್ರಿಜ್ಜಿನ ಮೊಟ್ಟೆಯಾದರೆ ಸ್ವಲ್ಪ ಹೊತ್ತು ಹೊರಗಿಡಿ. ಸಿಪ್ಪೆ ಒಡೆಯುವುದು ಕಡಿಮೆಯಾಗುತ್ತದೆ.
2. ನೀರು ಚೆನ್ನಾಗಿ ಕುದಿದ ಮೇಲೆ ಮೊಟ್ಟೆಗಳನ್ನು ಸೌಟಿನಿಂದ ಮೆಲ್ಲಗೆ ಇಳಿಸಿ. ಉರಿ ತಗ್ಗಿಸಿ 11–12 ನಿಮಿಷ ಬೇಯಿಸಿ.
3. ತಣ್ಣೀರಿಗೆ ಹಾಕಿ ಐದು ನಿಮಿಷವಾದರೂ ಬಿಡಿ. ಸಿಪ್ಪೆಯಲ್ಲಿ ರಂಧ್ರಗಳಿರುವುದರಿಂದ ಕುಡಿಯುವ ನೀರನ್ನೇ ಬಳಸಿ.
4. ಸುತ್ತಲೂ ತಟ್ಟಿ ಬಿರುಕು ಮಾಡಿ, ದಪ್ಪ ತುದಿಯಿಂದ ಸುಲಿಯಿರಿ. ಅಲ್ಲಿ ಗಾಳಿ ಚೀಲ ಇರುವುದರಿಂದ ಪೊರೆ ಸುಲಭವಾಗಿ ಕೈಗೆ ಸಿಗುತ್ತದೆ. ನೀರಿನೊಳಗೆ ಹಿಡಿದು ಸುಲಿದರೆ ಇನ್ನೂ ಸಲೀಸು.

ಮೊಟ್ಟೆ ಹೆಚ್ಚಿದ್ದರೆ ಎಲ್ಲವನ್ನೂ ಒಮ್ಮೆಗೇ ಸುರಿಯಬೇಡಿ, ನೀರು ತಣ್ಣಗಾಗಿಬಿಡುತ್ತದೆ. ಕಂತುಗಳಲ್ಲಿ ಬೇಯಿಸಿ. ಅಥವಾ ಇಡ್ಲಿ ಪಾತ್ರೆಯಲ್ಲಿ ಆವಿ ಬಂದ ಮೇಲೆ ಇಟ್ಟು 12–13 ನಿಮಿಷ ಬೇಯಿಸಿ. ಆವಿಯಲ್ಲಿ ಬೆಂದ ಮೊಟ್ಟೆಯೂ ಚೆನ್ನಾಗಿ ಸುಲಿಯುತ್ತದೆ, ನೀರು ಮತ್ತು ಗ್ಯಾಸ್ ಎರಡೂ ಉಳಿಯುತ್ತವೆ.

ಬೆಟ್ಟದ ಊರಿನವರಿಗೆ ಒಂದು ಮಾತು. ಎತ್ತರ ಪ್ರತಿ 300 ಮೀಟರ್ ಹೆಚ್ಚಿದಂತೆ ನೀರು ಕುದಿಯುವ ಬಿಸಿ ಸುಮಾರು 1 ಡಿಗ್ರಿ ಇಳಿಯುತ್ತದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಂತಹ ಕಡೆ ಒಂದೆರಡು ನಿಮಿಷ ಹೆಚ್ಚು ಬೇಯಿಸಿ.

ಫಾರ್ವರ್ಡ್‌ಗಳ ಕಥೆ

ಅಡುಗೆ ಸೋಡಾ: ನೀರಿನ ಕ್ಷಾರತೆ ಹೆಚ್ಚಿಸುತ್ತದೆ ಎಂಬುದು ನಿಜ. ಆದರೆ ಬೇಯುವ ಹತ್ತು ಹನ್ನೆರಡು ನಿಮಿಷದಲ್ಲಿ ಅದರಿಂದ ಸಿಗುವ ಲಾಭ ಅಲ್ಪ. ಅತಿಯಾದರೆ ವಾಸನೆ ಬರುತ್ತದೆ.

ವಿನೆಗರ್, ಉಪ್ಪು: ಸಿಪ್ಪೆ ಬಿರುಕು ಬಿಟ್ಟರೆ ಸೋರುವ ಬಿಳಿಭಾಗ ಬೇಗ ಹೆಪ್ಪುಗಟ್ಟಲು ಇವು ನೆರವಾಗುತ್ತವೆ. ಸುಲಿಯುವುದಕ್ಕೆ ಇವನ್ನು ನಂಬಿ ಕೂರಬೇಡಿ.

ಹಳದಿಯ ಸುತ್ತ ಹಸಿರು ಉಂಗುರ ಬಂದರೆ ವಿಷ: ಸುಳ್ಳು. ಹೆಚ್ಚು ಬೆಂದಾಗ ಬಿಳಿಭಾಗದ ಗಂಧಕ ಮತ್ತು ಹಳದಿಯ ಕಬ್ಬಿಣ ಸೇರಿ ಆಗುವ ಬಣ್ಣ ಅದು. ಧಾರಾಳವಾಗಿ ತಿನ್ನಬಹುದು. ಹೊತ್ತಿಗೆ ಸರಿಯಾಗಿ ಇಳಿಸಿ ತಣ್ಣೀರಿಗೆ ಹಾಕಿದರೆ ಉಂಗುರವೇ ಬರುವುದಿಲ್ಲ.

ಸುಲಭವಾಗಿ ಸುಲಿದರೆ ಪ್ಲಾಸ್ಟಿಕ್ ಮೊಟ್ಟೆ: ಇದೂ ಸುಳ್ಳು. ಸಲೀಸಾಗಿ ಸುಲಿದರೆ ಮೊಟ್ಟೆ ಕೆಲವು ದಿನ ಹಳೆಯದು ಅಥವಾ ಸರಿಯಾಗಿ ಬೆಂದಿದೆ ಎಂದರ್ಥ, ಅಷ್ಟೇ.

ನಿಜವಾಗಿ ಎಚ್ಚರ ಬೇಕಿರುವುದು ಬೇರೆ ಕಡೆ. ಅರೆಬೆಂದ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಉಳಿದಿರಬಹುದು, ಆದ್ದರಿಂದ ಮಕ್ಕಳಿಗೆ ಹಳದಿ ಗಟ್ಟಿಯಾಗುವಷ್ಟು ಬೇಯಿಸಿಯೇ ಕೊಡಿ. ಬೆಂದ ಮೊಟ್ಟೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಸಿಪ್ಪೆಯ ಸಮೇತ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರದೊಳಗೆ ತಿಂದು ಮುಗಿಸಿ.

ಮುಂದಿನ ಸಲ ಸೋಡಾ ವಿಡಿಯೊ ಬಂದರೆ, ಮೊದಲು ಕುದಿಸಿ ಆಮೇಲೆ ಮೊಟ್ಟೆ ಹಾಕಿ ಎಂದು ಉತ್ತರ ಕಳಿಸಿ. ಬಿಸಿಯೂಟದ ಅಡುಗೆಯವರು ನಿಮ್ಮ ಪರಿಚಯದಲ್ಲಿದ್ದರೆ ಅವರಿಗೂ ತಿಳಿಸಿ.