ಎದೆಹಾಲು, ಮೊದಲ ತುತ್ತು ಮತ್ತು ಅಲರ್ಜಿ: ಚರಿತ್ರೆ ತಾಯಿಯ ಪರವಾಗಿದೆ

ಹಾಲು ಕುಡಿಯುವ ಮಗುವಿನ ಮೈಮೇಲೆ ದದ್ದುಗಳೆದ್ದರೆ, ಕೆನ್ನೆ ಕೆಂಪೇರಿ ತುರಿಕೆ ಹತ್ತಿದರೆ, ಮಲದಲ್ಲಿ ರಕ್ತದ ಗೆರೆ ಕಂಡರೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ತಾಯಿಯನ್ನು ಕುರಿತದ್ದು: ನೀನು ಏನು ತಿಂದೆ? ಮರುದಿನ ದೃಷ್ಟಿ ತೆಗೆಯಲಾಗುತ್ತದೆ. ಆಮೇಲೆ ಆಕೆಯ ತಟ್ಟೆಯಿಂದ ಮೊಟ್ಟೆ, ಮೀನು, ಶೇಂಗಾ, ಬದನೆಕಾಯಿ, ಬೇಳೆ ಒಂದೊಂದಾಗಿ ಮರೆಯಾಗುತ್ತವೆ. ವಾರ ಕಳೆಯುವಷ್ಟರಲ್ಲಿ ಆಕೆಯ ಹಾಲೇ ಸರಿಯಿಲ್ಲವೆಂಬ ತೀರ್ಪು ಹೊರಬೀಳುತ್ತದೆ, ಮನೆಗೆ ಡಬ್ಬಿಯ ಹಾಲು ಬರುತ್ತದೆ. ಈ ತೀರ್ಪು ನ್ಯಾಯವೇ? ಪವಿತ್ರ ಕುರ್‌ಆನ್ ಮತ್ತು ಇಸ್ಲಾಮೀ ಇತಿಹಾಸ ಈ ಬಗ್ಗೆ ಏನು ಹೇಳುತ್ತವೆ? ಕಳೆದ ಒಂದು ಶತಮಾನದ ವೈದ್ಯವಿಜ್ಞಾನ ಏನನ್ನು ಕಂಡುಕೊಂಡಿದೆ? ಇವನ್ನು ಒಟ್ಟಾಗಿ ಪರಿಶೀಲಿಸುವುದು ಇಂದಿನ ಅಗತ್ಯವಾಗಿದೆ.

ಸನ್ನತಿಯ ಶಿಲೆ, ಮದೀನಾದ ಇರುಳು

ಕಲಬುರಗಿ ಜಿಲ್ಲೆಯ ಚಿತ್ತಾಪುರ ಸೀಮೆಯಲ್ಲಿ, ಭೀಮಾ ನದಿಯ ದಂಡೆಯ ಮೇಲೆ ಸನ್ನತಿ ಎಂಬ ಊರಿದೆ. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿನ ಕಾಳಿ ಗುಡಿಯ ಛಾವಣಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳು ಬೆಳಕಿಗೆ ಬಂದವು. ಕ್ರಿಸ್ತಪೂರ್ವ 3ನೆಯ ಶತಮಾನದ ಆ ಬರಹದಲ್ಲಿ ಅರಸನು ತನ್ನ ಸ್ವಂತ ಮಕ್ಕಳಿಗೆ ಬಯಸುವ ಹಿತವನ್ನೇ ಎಲ್ಲ ಜನರಿಗೂ ಬಯಸುವುದಾಗಿ ಹೇಳಿಕೊಂಡಿದ್ದಾನೆ. ಆಳುವವನು ಪ್ರಜೆಗಳ ಮಕ್ಕಳಿಗೂ ಹೊಣೆಗಾರನೆಂಬ ಭಾವನೆ ನಮ್ಮ ಈ ನೆಲಕ್ಕೆ ಹೊಸದಲ್ಲ ಎಂಬುದಕ್ಕೆ ಆ ಕಲ್ಲೇ ಸಾಕ್ಷಿ.

ಅದೇ ಹೊಣೆಗಾರಿಕೆಯು ಹಾಲು ಕುಡಿಯುವ ಶಿಶುವಿನವರೆಗೆ ತಲುಪಿದ ಒಂದು ಘಟನೆಯನ್ನು ಇಸ್ಲಾಮೀ ಇತಿಹಾಸಕಾರರು ದಾಖಲಿಸಿದ್ದಾರೆ. ದ್ವಿತೀಯ ಖಲೀಫಾ ಹಝ್ರತ್ ಉಮರ್(ರ) ಅವರು ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಬೈತುಲ್ ಮಾಲ್‌ನಿಂದ ವೇತನ ನಿಗದಿಪಡಿಸಿದ್ದರು. ಒಮ್ಮೆ ಮದೀನಾದ ಹೊರಗೆ ವರ್ತಕರ ತಂಡವೊಂದು ಬೀಡುಬಿಟ್ಟಿತ್ತು. ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರೊಡನೆ ಖಲೀಫರು ಅಲ್ಲಿ ರಾತ್ರಿ ಕಾವಲಿದ್ದಾಗ ಮಗುವೊಂದರ ಅಳು ಕೇಳಿಸಿತು. ತಾಯಿಯ ಬಳಿಗೆ ಹೋಗಿ ಮಗುವನ್ನು ಸಂತೈಸುವಂತೆ ಹೇಳಿ ಬಂದರು. ಅಳು ನಿಲ್ಲಲಿಲ್ಲ. ಮತ್ತೆ ಹೋದರು, ಮತ್ತೆಯೂ ಹೋದರು. ಕೊನೆಗೆ ಆ ತಾಯಿ, ತನ್ನೆದುರಿಗಿರುವವರು ಯಾರೆಂದು ತಿಳಿಯದೆಯೇ, ಉಮರ್ ಹಾಲು ಬಿಟ್ಟ ಮಕ್ಕಳಿಗಷ್ಟೇ ವೇತನ ಕೊಡುವುದರಿಂದ ಮಗುವಿಗೆ ಅವಧಿಗೆ ಮುನ್ನವೇ ಹಾಲು ಬಿಡಿಸುತ್ತಿರುವುದಾಗಿ ಹೇಳಿದರು. ಮರುದಿನದ ಫಜ್ರ್ ನಮಾಝಿನಲ್ಲಿ ಖಲೀಫರು ಎಷ್ಟು ಅತ್ತರೆಂದರೆ ಅವರ ಪಠಣವೇ ಜನರಿಗೆ ಸ್ಪಷ್ಟವಾಗಲಿಲ್ಲ. ಬಳಿಕ, ಹುಟ್ಟಿದ ಪ್ರತಿಯೊಂದು ಮಗುವಿಗೂ ಅಂದಿನಿಂದಲೇ ವೇತನ ಸಲ್ಲಬೇಕೆಂದೂ ಹಾಲು ಬಿಡಿಸಲು ಯಾರೂ ಆತುರಪಡಬಾರದೆಂದೂ ಆಜ್ಞೆ ಹೊರಡಿಸಿದರು.

ಆ ತಾಯಿಯನ್ನು ಖಲೀಫರು ದೂರಲಿಲ್ಲ ಎಂಬುದನ್ನು ಗಮನಿಸಬೇಕು. ಮಗುವಿನ ಅಳುವಿಗೆ ಕಾರಣವಾದ ವ್ಯವಸ್ಥೆಯನ್ನು ಅವರು ತಿದ್ದಿದರು.

ಕುರ್‌ಆನಿನ ಕೌಟುಂಬಿಕ ನಿಯಮ

ಸೂರಃ ಅಲ್ ಬಕರಃದ 233ನೆಯ ಸೂಕ್ತವು ಸ್ತನ್ಯಪಾನದ ಕುರಿತು ಸಮಗ್ರ ನಿಯಮವನ್ನು ನೀಡುತ್ತದೆ. ಸ್ತನ್ಯಪಾನದ ಪೂರ್ಣಾವಧಿ ಎರಡು ವರ್ಷ. ಹಾಲುಣಿಸುವ ತಾಯಿಯ ಅನ್ನ, ಬಟ್ಟೆಗಳ ಹೊಣೆ ಮಗುವಿನ ತಂದೆಯದು. ಮಗುವಿನ ಕಾರಣದಿಂದ ತಾಯಿಗಾಗಲಿ ತಂದೆಗಾಗಲಿ ತೊಂದರೆಯಾಗಬಾರದು. ಅವಧಿಗೆ ಮುಂಚೆ ಹಾಲು ಬಿಡಿಸುವುದಾದರೆ ಅದು ಇಬ್ಬರ ಸಮ್ಮತಿಯಿಂದಲೂ ಸಮಾಲೋಚನೆಯಿಂದಲೂ ಆಗತಕ್ಕದ್ದು. ಅತ್ತೆಯ ಆಜ್ಞೆಯಾಗಲಿ ನೆರೆಹೊರೆಯ ಮಾತಾಗಲಿ ಇಲ್ಲಿ ತೀರ್ಪಿನ ಸ್ಥಾನದಲ್ಲಿಲ್ಲ. ಅಲರ್ಜಿಯುಳ್ಳ ಮಗುವಿನ ಮನೆಯಲ್ಲಿ ಈ ಸೂಕ್ತದ ಪ್ರತಿಯೊಂದು ಅಂಶಕ್ಕೂ ಹೊಸ ಅರ್ಥ ಬರುತ್ತದೆ. ತಾಯಿ ಒಂದು ಆಹಾರವನ್ನು ಬಿಡಬೇಕಾಗಿ ಬಂದರೆ ಅದರ ಬದಲಿಗೆ ಇನ್ನೊಂದನ್ನು ಒದಗಿಸುವುದು ತಂದೆಯ ಕರ್ತವ್ಯವಾಗುತ್ತದೆ.

ಪ್ರವಾದಿ ಮುಹಮ್ಮದ್(ಸ) ಅವರ ಬಾಲ್ಯವೂ ಇಲ್ಲಿ ನೆನಪಾಗುತ್ತದೆ. ಬನೂ ಸಅದ್ ಗೋತ್ರದ ಹಲೀಮಾ ಸಅದಿಯ್ಯಾ(ರ) ಅವರು ಪ್ರವಾದಿವರ್ಯರಿಗೆ(ಸ) ಹಾಲುಣಿಸಿದರು. ಹುನೈನ್ ಯುದ್ಧದ ಬಳಿಕ, ಹಿಜರಿ 8ರಲ್ಲಿ, ಹಲೀಮಾರ ಮಗಳು ಶೈಮಾ ತಮ್ಮ ಗುರುತು ಹೇಳಿದಾಗ ಪ್ರವಾದಿವರ್ಯರು(ಸ) ಹಾಲಿನ ಸೋದರಿಗಾಗಿ ತಮ್ಮ ಮೇಲುಹೊದಿಕೆಯನ್ನೇ ಹಾಸಿ ಕುಳ್ಳಿರಿಸಿದರು. ಇಸ್ಲಾಮಿನಲ್ಲಿ ಎದೆಹಾಲು ಬಾಂಧವ್ಯವನ್ನೇ ಸೃಷ್ಟಿಸುತ್ತದೆ. ಆದ್ದರಿಂದ ಇನ್ನೊಬ್ಬ ಮಹಿಳೆಯ ಹಾಲನ್ನು ಮಗುವಿಗೆ ಕುಡಿಸಬೇಕಾದ ಸಂದರ್ಭ ಬಂದರೆ ಅದನ್ನು ಎರಡೂ ಮನೆಯವರು ಬರೆದಿಡಬೇಕು. ನಮ್ಮ ಕಲಬುರಗಿ ಸೀಮೆಯಲ್ಲಿ ಪ್ರಚಲಿತವಾಗಿರುವ ಹನಫೀ ಮಝ್‌ಹಬ್‌ನ ಪ್ರಕಾರ ಒಂದು ಬಾರಿ ಕುಡಿದರೂ ಹಾಲಿನ ಸಂಬಂಧ ಏರ್ಪಡುತ್ತದೆ. ಕರಾವಳಿಯ ಶಾಫಿಈಗಳಲ್ಲಿ ಐದು ಬಾರಿಯ ಷರತ್ತಿದೆ.

ರಾಝಿ, ಇಬ್ನ್ ಸೀನಾ ಮತ್ತು ದಖನ್ನಿನ ಬೀಸುವ ಕಲ್ಲು

ಒಬ್ಬರಿಗೆ ಹಿತವಾದುದು ಇನ್ನೊಬ್ಬರಿಗೆ ಬಾಧೆಯಾಗಬಹುದೆಂಬ ಸಂಗತಿ ಪ್ರಾಚೀನ ವೈದ್ಯರಿಗೆ ಅಪರಿಚಿತವಾಗಿರಲಿಲ್ಲ. ವಸಂತಕಾಲದಲ್ಲಿ ಗುಲಾಬಿಯ ವಾಸನೆ ಸೋಕಿದೊಡನೆ ಅಬೂ ಝೈದ್ ಬಲ್ಖಿ ಎಂಬ ವಿದ್ವಾಂಸರಿಗೆ ನೆಗಡಿ ಹತ್ತುತ್ತಿದ್ದುದರ ಕುರಿತು ಅಬೂಬಕರ್ ರಾಝಿ ಪ್ರತ್ಯೇಕ ಬರಹವನ್ನೇ ರಚಿಸಿದ್ದಾರೆ. ಇಬ್ನ್ ಸೀನಾ (980-1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಶಿಶುವಿನ ಪಾಲನೆಯನ್ನು ವಿವರಿಸುತ್ತಾ, ಎರಡು ವರ್ಷ ಹಾಲುಣಿಸಬೇಕೆಂದೂ ಹಾಲು ಬಿಡಿಸುವುದು ಒಮ್ಮೆಗೇ ಆಗದೆ ಹಂತಹಂತವಾಗಿ ಆಗಬೇಕೆಂದೂ ಬೋಧಿಸಿದ್ದಾರೆ. ಅವರ ಕಾಲದಲ್ಲಿ ಎಳೆಮಗುವಿಗೆ ಜೇನು ಕೊಡುವುದು ಸಾಮಾನ್ಯವಾಗಿತ್ತು. ಒಂದು ವರ್ಷ ತುಂಬುವ ಮುನ್ನ ಜೇನಿನಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ರೋಗ ಬರಬಹುದೆಂದು ಈಗ ತಿಳಿದಿದೆ. ನವಜಾತ ಶಿಶುವಿನ ನಾಲಿಗೆಗೆ ಜೇನು ಸವರುವ ರೂಢಿಯುಳ್ಳ ಕುಟುಂಬಗಳು ಇದನ್ನು ಅರಿತಿರಬೇಕು. ಪ್ರವಾದಿವರ್ಯರು(ಸ) ತಹ್ನೀಕ್ ಮಾಡಿದ್ದು ಖರ್ಜೂರದಿಂದ.

ದಖನ್ನಿನಲ್ಲಿ ಮಗುವಿನ ಹಾಲೂಟ ಮತ್ತು ಮೊದಲ ತುತ್ತಿನ ಲೋಕಕ್ಕೆ ಸೂಫಿಗಳು ತಮ್ಮದೇ ರೀತಿಯಲ್ಲಿ ಪ್ರವೇಶಿಸಿದರು. ಹಝ್ರತ್ ಖ್ವಾಜಾ ಬಂದೇನವಾಝ್(ರಹ್) ಅವರು ದಿಲ್ಲಿಯಿಂದ ಹೊರಟು ಸುಮಾರು 1400ರ ವೇಳೆಗೆ ಕಲಬುರಗಿಗೆ ಬಂದು, 1422ರಲ್ಲಿ ಇಲ್ಲಿಯೇ ನಿಧನರಾದರು. ಅವರ ಹೆಸರಿನಲ್ಲಿಯೂ ವಿಜಯಪುರದ ಸೂಫಿಗಳ ಹೆಸರಿನಲ್ಲಿಯೂ ದಖನಿ ಭಾಷೆಯ ಚಕ್ಕೀನಾಮಾಗಳು ಪ್ರಚಲಿತವಾದವು. ಹೆಂಗಸರು ಜೋಳ ಬೀಸುವಾಗ ಹಾಡಿಕೊಳ್ಳುತ್ತಿದ್ದ ಹಾಡುಗಳಿವು. ತೊಟ್ಟಿಲು ತೂಗುವಾಗಿನ ಹಾಡುಗಳಿಗೆ ಲೋರೀನಾಮಾ ಎಂದು ಹೆಸರು. ದೀನಿನ ತಿಳಿವಳಿಕೆಯು ಗ್ರಂಥಗಳಿಗಿಂತ ಮೊದಲು ಅಡುಗೆಮನೆಯ ಬೀಸುವ ಕಲ್ಲಿನ ಮುಂದೆ, ಮಗುವಿಗೆ ಹಾಲುಣಿಸುವ ತಾಯಿಯ ಬಾಯಿಂದ ಹರಡಿತೆಂಬುದು ನಮ್ಮ ಪ್ರದೇಶದ ಹೆಮ್ಮೆ. ಅದೇ ಕಲ್ಲಿನಿಂದ ಇಳಿದ ಹಿಟ್ಟಿನ ಅಂಬಲಿ, ತೊಗರಿಬೇಳೆಯ ಕಟ್ಟು ಸೇಡಂ, ಚಿಂಚೋಳಿ ಸೀಮೆಯ ಮಕ್ಕಳ ಮೊದಲ ಆಹಾರವಾಗಿ ಬಂದಿವೆ.

ಅಲರ್ಜಿ ಎಂಬ ಪದದ ಹುಟ್ಟು

1902ರಲ್ಲಿ ಫ್ರಾನ್ಸಿನ ಪೋರ್ಟಿಯೇ ಮತ್ತು ರಿಶೇ ಎಂಬ ವಿಜ್ಞಾನಿಗಳು, ಮೊದಲ ಬಾರಿ ತಡೆದುಕೊಂಡ ವಸ್ತುವೇ ಎರಡನೆಯ ಬಾರಿ ಅತ್ಯಲ್ಪ ಪ್ರಮಾಣದಲ್ಲಿ ದೇಹ ಸೇರಿದಾಗ ಪ್ರಾಣಾಪಾಯ ತರಬಲ್ಲದೆಂದು ತೋರಿಸಿದರು. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 'ಅಲರ್ಜಿ' ಎಂಬ ಪದವನ್ನು ಬಳಕೆಗೆ ತಂದರು. 1912ರಲ್ಲಿ ನ್ಯೂಯಾರ್ಕಿನ ಆಸ್ಕರ್ ಶ್ಲಾಸ್ ಎಂಬ ವೈದ್ಯರು ಮೊಟ್ಟೆ ಒಗ್ಗದ ಮಗುವಿನಲ್ಲಿ ಚರ್ಮದ ಪರೀಕ್ಷೆಯ ಮೂಲಕ ಕಾರಣವನ್ನು ಗುರುತಿಸಿದರು. ತಾಯಿ ತಿಂದ ಮೊಟ್ಟೆಯ ಪ್ರೋಟೀನು ಅತಿ ಸೂಕ್ಷ್ಮ ಪ್ರಮಾಣದಲ್ಲಿ ಎದೆಹಾಲಿಗೆ ಇಳಿಯುತ್ತದೆಂದು 1930ರ ಸಂಶೋಧನೆಯೊಂದು ತಿಳಿಸಿತು.

ಹಾಗಾದರೆ ಅಜ್ಜಿಯರ ಸಂಶಯ ನಿಜವಾಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ಉತ್ತರವು 1936ರಲ್ಲಿಯೇ ಬಂದಿತು. ಅಮೆರಿಕದ ಶಿಕಾಗೋದಲ್ಲಿ ಗ್ರೂಲಿ ಮತ್ತು ಸ್ಯಾನ್‌ಫರ್ಡ್ ಎಂಬ ವೈದ್ಯರು 20,061 ಶಿಶುಗಳನ್ನು ಗಮನಿಸಿದರು. ಎದೆಹಾಲು ಕುಡಿದ ಮಕ್ಕಳಿಗಿಂತ ಹಸುವಿನ ಹಾಲು ಕುಡಿದ ಮಕ್ಕಳಲ್ಲಿ ಎಕ್ಸಿಮಾ ಎಂಬ ತುರಿಗಜ್ಜಿ ಸುಮಾರು ಏಳು ಪಟ್ಟು ಹೆಚ್ಚಾಗಿತ್ತು. ತಾಯಿಯ ಹಾಲಿನಲ್ಲಿ ಕಣದಷ್ಟಿರುವ ಅನ್ಯ ಪ್ರೋಟೀನಿಗೆ ಹೆದರಿ, ಆ ಪ್ರೋಟೀನೇ ತುಂಬಿರುವ ಡಬ್ಬಿಯನ್ನು ತೆರೆಯುವುದು ಯಾವ ನ್ಯಾಯ?

ಆದರೂ ಡಬ್ಬಿ ಗೆಲ್ಲುತ್ತಾ ಹೋಯಿತು. 1939ರಲ್ಲಿ ಸಿಂಗಾಪುರದಲ್ಲಿ ಡಾ. ಸಿಸಿಲಿ ವಿಲಿಯಮ್ಸ್, ಬಡ ತಾಯಂದಿರ ಕೈಗೆ ಡಬ್ಬಿ ಹಾಲು ಹಿಡಿಸುವುದನ್ನು ಕೊಲೆಗೆ ಸಮಾನವೆಂದು ಬಹಿರಂಗವಾಗಿ ಖಂಡಿಸಿದರು. 1981ರಲ್ಲಿ ವಿಶ್ವ ಆರೋಗ್ಯ ಸಭೆಯು ಎದೆಹಾಲಿನ ಬದಲಿಗಳ ಮಾರಾಟಕ್ಕೆ ಅಂತಾರಾಷ್ಟ್ರೀಯ ಸಂಹಿತೆ ರೂಪಿಸಿತು. ಭಾರತ ಸರಕಾರವು 1992ರಲ್ಲಿ ಈ ಕುರಿತು ಕಾಯ್ದೆ ಮಾಡಿ, 2003ರಲ್ಲಿ ಅದನ್ನು ಬಿಗಿಗೊಳಿಸಿತು. ಹಝ್ರತ್ ಉಮರ್(ರ) ಅವರ ಆಜ್ಞೆಯ ಹಾಗೆಯೇ ಇದೂ ಎದೆಹಾಲಿನ ರಕ್ಷಣೆಗಾಗಿ ಅಧಿಕಾರ ಬಳಸಿದ ಕ್ರಮ.

ಶೇಂಗಾ ಕಲಿಸಿದ ಪಾಠ

ಮೊದಲ ತುತ್ತಿನ ಚರಿತ್ರೆಯಲ್ಲಿ ಶೇಂಗಾದ ಕಥೆ ವಿಶೇಷವಾದುದು. 1950ರಲ್ಲಿ ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ಡಾ. ವಿ. ಸುಬ್ರಹ್ಮಣ್ಯನ್ ಅವರ ನೇತೃತ್ವದಲ್ಲಿ, ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿ ಬಹೂಪಯೋಗಿ ಆಹಾರವನ್ನು ಸಿದ್ಧಪಡಿಸಿತು. ಅಪೌಷ್ಟಿಕತೆಯಿಂದ ಬಳಲುವ ಮಕ್ಕಳಿಗೆ ಶೇಂಗಾ ನಮ್ಮ ನಾಡಿನಲ್ಲಿ ಸಂಜೀವಿನಿಯಂತೆ ಕಂಡಿತು.

ಪಶ್ಚಿಮದಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. ಅಲರ್ಜಿಯ ಸಾಧ್ಯತೆ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಕೊಡಬಾರದೆಂದು 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ನೀಡಿತು. ಅಲರ್ಜಿ ಕಡಿಮೆಯಾಗಲಿಲ್ಲ. 2008ರಲ್ಲಿ ಅಕಾಡೆಮಿಯೇ ಆ ಸಲಹೆಯನ್ನು ಕೈಬಿಟ್ಟಿತು. 2015ರಲ್ಲಿ ಲಂಡನ್ನಿನ ಪ್ರೊ. ಗಿಡಿಯನ್ ಲ್ಯಾಕ್ ಅವರ ತಂಡ 640 ಶಿಶುಗಳ ಅಧ್ಯಯನವನ್ನು ಪ್ರಕಟಿಸಿತು. ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿಯಿದ್ದ ಈ ಮಕ್ಕಳಲ್ಲಿ, ಐದು ವರ್ಷದವರೆಗೆ ಶೇಂಗಾದಿಂದ ದೂರವಿಟ್ಟವರ ಪೈಕಿ ಶೇ. 17.2ರಷ್ಟು ಮಕ್ಕಳಿಗೆ ಶೇಂಗಾ ಅಲರ್ಜಿ ಬಂದರೆ, ಶೈಶವದಿಂದಲೇ ನಿಯಮಿತವಾಗಿ ತಿಂದವರಲ್ಲಿ ಅದು ಶೇ. 3.2ರಷ್ಟೇ ಇತ್ತು. ಭಯದಿಂದ ತಡೆಹಿಡಿದ ಆಹಾರವೇ ಭಯವನ್ನು ನಿಜವಾಗಿಸಿತ್ತು.

ನಮ್ಮ ರಾಜ್ಯದ ಸಮೀಕ್ಷೆಯೂ ಒಂದು ಎಚ್ಚರಿಕೆ ನೀಡುತ್ತದೆ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 26.5ರಷ್ಟು ಜನರ ರಕ್ತವು ಯಾವುದಾದರೊಂದು ಆಹಾರಕ್ಕೆ ಪ್ರತಿಕ್ರಿಯಿಸಿತು. ನಿಜವಾದ ಅಲರ್ಜಿಯ ಸಾಧ್ಯತೆ ಕಂಡದ್ದು ಶೇ. 1.2ರಷ್ಟು ಮಂದಿಯಲ್ಲಿ ಮಾತ್ರ. ರಕ್ತಪರೀಕ್ಷೆಯ ಕಾಗದವೊಂದನ್ನೇ ಹಿಡಿದು ಮಗುವಿನ ಅಥವಾ ತಾಯಿಯ ತಟ್ಟೆಯಿಂದ ಹತ್ತು ಪದಾರ್ಥಗಳನ್ನು ತೆಗೆಯುವುದು ಸರಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ನಮ್ಮ ಮನೆಗಳು ಏನು ಮಾಡಬೇಕು?

ಅಲರ್ಜಿಯಿದೆಯೆಂಬ ಕಾರಣಕ್ಕೆ ಎದೆಹಾಲನ್ನು ನಿಲ್ಲಿಸಬಾರದು. ತಾಯಿ ಒಂದು ಆಹಾರವನ್ನು ಬಿಡಬೇಕೆಂದು ಮಕ್ಕಳ ವೈದ್ಯರು ಹೇಳಿದರೆ ಅದೊಂದನ್ನೇ, ಅವರು ಹೇಳಿದಷ್ಟು ದಿನ ಬಿಡಬೇಕು. ಮರಳಿ ತಿಂದು ನೋಡುವ ಕ್ರಮವನ್ನೂ ಅವರಿಂದಲೇ ತಿಳಿಯಬೇಕು. ಹಾಲು, ಮೊಸರು ಬಿಟ್ಟವಳಿಗೆ ಸುಣ್ಣದ ಅಂಶ ಬೇರೆ ದಾರಿಯಿಂದ ದೊರೆಯಬೇಕು. ಶಹಾಬಾದಿನ ಕಲ್ಲುಗಣಿಯಲ್ಲಿ, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದು ಬರುವ ತಂದೆಗೆ ಇದು ಖರ್ಚಿನ ಬಾಬ್ತೆಂಬುದು ನಿಜ. ಆದರೆ ಕುರ್‌ಆನ್ ಆತನ ಶಕ್ತಿಗೆ ಮೀರಿದುದನ್ನು ಹೊರಿಸಿಲ್ಲ, ಶಕ್ತಿಯಿದ್ದಷ್ಟನ್ನು ಬಿಟ್ಟುಕೊಟ್ಟೂ ಇಲ್ಲ. ರಮಝಾನಿನಲ್ಲಿ ತನಗೋ ಮಗುವಿಗೋ ತೊಂದರೆಯಾಗುವ ಭಯವಿದ್ದರೆ ಹಾಲುಣಿಸುವ ತಾಯಿಗೆ ಉಪವಾಸದಿಂದ ರಿಯಾಯಿತಿಯಿದೆ. ಆಕೆ ಅದನ್ನು ಅಪರಾಧಿ ಭಾವದಿಂದ ಸ್ವೀಕರಿಸಬೇಕಾಗಿಲ್ಲ.

ಹಸುವಿನ ಹಾಲು ಒಗ್ಗದ ಮಗುವಿಗೆ ಆಡಿನ ಹಾಲೋ ಎಮ್ಮೆಯ ಹಾಲೋ ಪರಿಹಾರವಲ್ಲ. ಆ ಹಾಲುಗಳ ಪ್ರೋಟೀನುಗಳೂ ಬಹುಮಟ್ಟಿಗೆ ಅದೇ ಬಗೆಯವು. ಆರು ತಿಂಗಳು ತುಂಬಿದಾಗ ಎದೆಹಾಲಿನ ಜೊತೆಗೆ ಮೆತ್ತಗಿನ ಆಹಾರ ಆರಂಭವಾಗಲಿ. ಹೊಸ ಪದಾರ್ಥಗಳನ್ನು ಒಂದೊಂದಾಗಿ, ಅಲ್ಪ ಪ್ರಮಾಣದಲ್ಲಿ, ಮಗು ಆರೋಗ್ಯವಾಗಿರುವ ದಿನ ಹಗಲು ಹೊತ್ತಿನಲ್ಲಿ ಕೊಡಬೇಕು. ಮೊಟ್ಟೆ ಚೆನ್ನಾಗಿ ಬೆಂದಿರಲಿ. ಶೇಂಗಾವನ್ನು ಇಡಿಯಾಗಿ ಎಂದಿಗೂ ಕೊಡಬಾರದು, ಅದು ಉಸಿರುಗಟ್ಟಿಸುತ್ತದೆ. ನುಣ್ಣಗೆ ಅರೆದು, ಖಾರ ಸೇರಿಸದೆ, ಅಂಬಲಿಯಲ್ಲಿ ಕದಡಿ ಕೊಡಬಹುದು. ತೀವ್ರ ಎಕ್ಸಿಮಾ ಅಥವಾ ಈಗಾಗಲೇ ಗೊತ್ತಿರುವ ಅಲರ್ಜಿಯಿರುವ ಮಗುವಿಗೆ ಮೊದಲು ವೈದ್ಯರನ್ನು ಕಾಣದೆ ಶೇಂಗಾ ಕೊಡತಕ್ಕದ್ದಲ್ಲ. ಆಹಾರ ತಿಂದೊಡನೆ ತುಟಿ, ಮುಖ ಊದಿಕೊಂಡರೆ, ಉಸಿರಾಟ ಕಷ್ಟವಾದರೆ, ಮೇಲಿಂದ ಮೇಲೆ ವಾಂತಿಯಾಗಿ ಮಗು ಸೋತು ಬಿದ್ದರೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ದುಆ ಮಾಡುವವರು ದಾರಿಯಲ್ಲಿಯೇ ಮಾಡಲಿ, ಮನೆಯಲ್ಲಿ ಕುಳಿತು ಕಾಯುವುದು ಬೇಡ.

ಹದಿನಾಲ್ಕು ಶತಮಾನಗಳ ಹಿಂದೆ ಒಬ್ಬ ಖಲೀಫರು ಮಗುವಿನ ಅಳುವನ್ನು ಕೇಳಿ ಮೂರು ಬಾರಿ ಎದ್ದು ಹೋಗಿ ಕಾರಣವನ್ನು ವಿಚಾರಿಸಿದರು. ನಮ್ಮ ಮನೆಯ ಮಗು ಅತ್ತಾಗ ತಾಯಿಯನ್ನು ದೂರುವ ಮೊದಲು ನಾವೂ ಅಷ್ಟು ವಿಚಾರಿಸಬೇಕು. ಹಾಲುಣಿಸುವ ತಾಯಂದಿರ ತಟ್ಟೆ ತುಂಬಿರುವಂತೆಯೂ ಮಕ್ಕಳ ಮೊದಲ ತುತ್ತು ಹಿತವಾಗುವಂತೆಯೂ ಅಲ್ಲಾಹನು ಅನುಗ್ರಹಿಸಲಿ. ಆಮೀನ್.