ಮೆಸ್ ಬಿಲ್ಲಿಗೆ ಬಿದ್ದ ಸರ್ಕಾರ

ಹಾಸ್ಟೆಲ್ ಸಾರು ಸಪ್ಪೆ ಅಂತ ಬೈಯದ ಹುಡುಗ ನಮ್ಮ ತಾಲ್ಲೂಕಿನಲ್ಲಿ ಸಿಗಲಿಕ್ಕಿಲ್ಲ. ನಾವೂ ಬೈದವರೇ. ಬೈದು, ಉಂಡು, ಮಲಗಿದವರೇ. ಆದರೆ ಗುಜರಾತಿನಲ್ಲಿ ಒಮ್ಮೆ ಹಾಸ್ಟೆಲ್ ಊಟದಿಂದ ಶುರುವಾದ ಜಗಳಕ್ಕೆ ಸರ್ಕಾರವೇ ಬಿತ್ತು.

1972ರಲ್ಲಿ ಅಲ್ಲಿ ಕಾಂಗ್ರೆಸ್ 168 ಸ್ಥಾನಗಳಲ್ಲಿ 140 ಗೆದ್ದಿತ್ತು. ಇಷ್ಟು ಜನಪ್ರಿಯತೆ ಇದ್ದರೆ ಐದು ವರ್ಷ ಕಾಲು ಚಾಚಿ ಕೂರಬಹುದು ಅನ್ನಿಸುತ್ತದೆ, ಅಲ್ಲವೇ? 1973ರ ಜುಲೈನಲ್ಲಿ ಚಿಮನ್‌ಭಾಯಿ ಪಟೇಲ್ ಮುಖ್ಯಮಂತ್ರಿಯಾದರು. ಕಾಲೇಜು ರಾಜಕೀಯ ಅವರಿಗೆ ಹೊಸದಲ್ಲ. ಬರೋಡಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘಕ್ಕೆ ಮೊದಲ ಅಧ್ಯಕ್ಷರಾಗಿದ್ದವರು, ಆಮೇಲೆ ಅರ್ಥಶಾಸ್ತ್ರದ ಮೇಷ್ಟ್ರು.

ಆ ವರ್ಷ ಕಾಳುಕಡಿ, ಕಡಲೆಕಾಯಿ ಎಣ್ಣೆ ಎರಡೂ ತುಟ್ಟಿಯಾದವು. ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲಿ ಮೆಸ್ ಬಿಲ್ಲು ಶೇ. 20ರಷ್ಟು ಏರಿತು. ಡಿಸೆಂಬರ್ 20ರಂದು ಹುಡುಗರು ಮುಷ್ಕರ ಹೂಡಿದರು. ಮನೆಯಲ್ಲೂ ಎಣ್ಣೆ ಡಬ್ಬ ಖಾಲಿಯಾಗಿದ್ದರಿಂದ ಮೇಷ್ಟ್ರುಗಳು, ಕಾರ್ಮಿಕರು, ಗೃಹಿಣಿಯರು ಎಲ್ಲರೂ ಬೀದಿಗಿಳಿದರು. ಅದಕ್ಕೆ 'ನವನಿರ್ಮಾಣ ಚಳವಳಿ' ಅಂತ ಹೆಸರಾಯಿತು. ಕರ್ಫ್ಯೂ, ಗೋಲಿಬಾರ್ ನಡೆದವು. ಸತ್ತವರು ನೂರರ ಹತ್ತಿರ.

1974ರ ಫೆಬ್ರವರಿ 9ರಂದು ಚಿಮನ್‌ಭಾಯಿ ರಾಜೀನಾಮೆ ಕೊಟ್ಟರು. ಮಾರ್ಚ್‌ನಲ್ಲಿ ಮೊರಾರ್ಜಿ ದೇಸಾಯಿ ಉಪವಾಸ ಕೂತರು, ವಿಧಾನಸಭೆ ವಿಸರ್ಜನೆಯಾಯಿತು. ಹುಡುಗರು ಗೆದ್ದರು ಅಂದುಕೊಂಡಿರಾ? ತಡೀರಿ, ಕಥೆ ಇನ್ನೂ ಇದೆ.

1975ರ ಜೂನ್ ಚುನಾವಣೆಯಲ್ಲಿ ಕಾಂಗ್ರೆಸ್ ಬಹುಮತ ಕಳೆದುಕೊಂಡಿತು. ಬಾಬುಭಾಯಿ ಪಟೇಲರ ಜನತಾ ರಂಗಕ್ಕೂ ನಾಲ್ಕಾರು ತಲೆ ಕಡಿಮೆ ಬಿತ್ತು. ಆಗ ಹೆಗಲು ಕೊಟ್ಟವರು ಯಾರು? ಹೊಸ ಪಕ್ಷ ಕಟ್ಟಿ 12 ಶಾಸಕರನ್ನು ಗೆಲ್ಲಿಸಿಕೊಂಡಿದ್ದ ಅದೇ ಚಿಮನ್‌ಭಾಯಿ! 1990ರಲ್ಲಿ ಜನತಾ ದಳದಿಂದ, ಬಿಜೆಪಿ ಜೊತೆಗೂಡಿ, ಮತ್ತೆ ಮುಖ್ಯಮಂತ್ರಿಯಾದರು. 1994ರಲ್ಲಿ ತೀರಿಕೊಂಡಾಗಲೂ ಅದೇ ಕುರ್ಚಿಯಲ್ಲಿದ್ದರು, ಅಷ್ಟರಲ್ಲಿ ಕಾಂಗ್ರೆಸ್ ಸೇರಿದ್ದರು.

ಹುಡುಗರು ಮಾಡಿದ್ದು ವ್ಯರ್ಥ ಅಂತ ನಾನು ಹೇಳುತ್ತಿಲ್ಲ. 140 ಸ್ಥಾನದ ಸರ್ಕಾರವನ್ನು ಎರಡು ತಿಂಗಳೊಳಗೆ ಇಳಿಸಿದ್ದು ಸಣ್ಣ ಮಾತಲ್ಲ. ಆದರೆ ಕುರ್ಚಿ ಹೋದವರಿಗೆ ಕುರ್ಚಿ ವಾಪಸ್ ಸಿಕ್ಕಿತು. ಮಗ ಹೋದ ಮನೆಗೆ ಮಗ ವಾಪಸ್ ಬರಲಿಲ್ಲ.

ನಮ್ಮ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕ ದಾಟಿದೆ. ಬಾವುಟಗಳು ಮಾತ್ರ ಎಲ್ಲಾ ಬಣ್ಣದವೂ ಗೇಟಿಗೆ ಬರುತ್ತವೆ. ನಿಮ್ಮ ಮನೆ ಹುಡುಗನ ಕೈಗೆ ಒಂದು ಕೊಟ್ಟರೆ, ಹಿಡಿಯುವ ಮೊದಲು ಒಂದು ಮಾತು ಕೇಳಲಿ: "ಅಣ್ಣಾ, ಮೆಸ್ ಬಿಲ್ಲು ಎಷ್ಟು ಇಳಿಸ್ತೀರಾ?"